ಇಸ್ಲಾಂ ಕುರಿತ ಪಾಠ: ಮಕ್ಕಳ ಪ್ರಶ್ನೆಗೆ ಜಾಗ ಮಾಡಿಕೊಡುವುದು ಹೇಗೆ?

ಅಭ್ಯಾಸ ಬೋಧನೆಯ ಅವಧಿಯಲ್ಲಿ ಸಮಾಜ ವಿಜ್ಞಾನದ ಪಾಠಗಳನ್ನು ಅವಲೋಕಿಸುವ ಕೆಲಸ ನನ್ನದು. ಇಸ್ಲಾಂ ಧರ್ಮದ ಉದಯದ ಪಾಠವನ್ನು ಪ್ರತಿ ವರ್ಷ ಕೆಲವು ಪ್ರಶಿಕ್ಷಣಾರ್ಥಿಗಳಾದರೂ ಆಯ್ದುಕೊಳ್ಳುತ್ತಾರೆ. ಅವರ ಪಾಠ ಯೋಜನೆ ಅಚ್ಚುಕಟ್ಟಾಗಿರುತ್ತದೆ. ಅರೇಬಿಯಾದ ನಕ್ಷೆ ಇರುತ್ತದೆ, ಐದು ಮೂಲ ಕರ್ತವ್ಯಗಳ ಚಾರ್ಟ್ ಇರುತ್ತದೆ. ಪುನರಾವರ್ತನೆಯ ಹಂತದಲ್ಲಿ "ಹಿಜರಿ ಶಕೆ ಯಾವ ವರ್ಷದಿಂದ ಆರಂಭವಾಗುತ್ತದೆ?" ಎಂದು ಕೇಳಿದರೆ ತರಗತಿಯ ಅರ್ಧದಷ್ಟು ಕೈಗಳು ಮೇಲೇಳುತ್ತವೆ, "622" ಎಂಬ ಉತ್ತರ ಬರುತ್ತದೆ. ಅದರ ನಂತರ "ಯಾರಿಗಾದರೂ ಏನಾದರೂ ಕೇಳುವುದಿದೆಯೇ?" ಎಂದಾಗ ಒಂದು ಕೈಯೂ ಏಳುವುದಿಲ್ಲ.

ಇದು ಎಲ್ಲ ಪಾಠಗಳ ಕಥೆ ಎಂದು ನೀವು ಹೇಳಬಹುದು. ಪೂರ್ತಿ ಹಾಗಲ್ಲ. ಇದೇ ಮಕ್ಕಳು ಜೈನ ಧರ್ಮದ ಪಾಠದಲ್ಲಿ "ಮುನಿಗಳು ಕೂದಲನ್ನು ಕೈಯಿಂದಲೇ ಕೀಳುವುದು ಏಕೆ ಸಾರ್?" ಎಂದು ಕೇಳುತ್ತಾರೆ. ಬೌದ್ಧ ಧರ್ಮದ ಪಾಠದಲ್ಲಿ "ಬುದ್ಧ ಹೆಂಡತಿ ಮಗುವನ್ನು ಬಿಟ್ಟು ಹೋದದ್ದು ಸರಿಯೇ?" ಎಂದು ವಾದ ಮಾಡುತ್ತಾರೆ. ಇಸ್ಲಾಂ ಪಾಠ ಬಂದ ಕೂಡಲೇ ಬಾಯಿ ಕಟ್ಟುತ್ತದೆ. ಪ್ರಶ್ನೆ ಇಲ್ಲವೆಂದಲ್ಲ. ಗಂಟೆ ಹೊಡೆದ ಮೇಲೆ ನಲ್ಲಿಯ ಹತ್ತಿರ, ಸೈಕಲ್ ನಿಲ್ಲಿಸುವ ಜಾಗದಲ್ಲಿ ಆ ಪ್ರಶ್ನೆಗಳೆಲ್ಲ ಓಡಾಡುತ್ತವೆ, ಅಲ್ಲಿ ಉತ್ತರ ಕೊಡುವವರೂ ಸಿಗುತ್ತಾರೆ. ಆ ಉತ್ತರಗಳ ಗುಣಮಟ್ಟದ ಬಗ್ಗೆ ನಾನು ಹೆಚ್ಚು ಹೇಳಬೇಕಾಗಿಲ್ಲ.

ತರಗತಿಯಲ್ಲಿ ಈ ಪ್ರಶ್ನೆಗಳನ್ನು ಬೈಗುಳವಿಲ್ಲದೆ, ನಗೆಪಾಟಲಾಗದೆ, ಯಾರಿಗೂ ನೋವಾಗದೆ ಕೇಳಲು ಒಂದು ಜಾಗ ಮಾಡುವುದು ಹೇಗೆ ಎಂಬುದನ್ನು ಈ ಲೇಖನದಲ್ಲಿ ವಿವರಿಸುತ್ತೇನೆ. ಕೆಲವು ವರ್ಷಗಳಿಂದ ನಮ್ಮ ಪ್ರಶಿಕ್ಷಣಾರ್ಥಿಗಳು ಬಳಸುತ್ತಿರುವ ಒಂದು ಸರಳ ಕ್ರಮ ಇದರ ಆಧಾರ.

ಮಕ್ಕಳು ಏಕೆ ಕೇಳುವುದಿಲ್ಲ?

ತರಗತಿಯ ಮೌನದ ಹಿಂದೆ ಮೂರು ಬಗೆಯ ಭಯಗಳನ್ನು ನಾನು ಕಂಡಿದ್ದೇನೆ.

ಮೊದಲನೆಯದು ಮುಸ್ಲಿಮೇತರ ಮಗುವಿನ ಭಯ. "ಇದನ್ನು ಕೇಳಿದರೆ ತಪ್ಪು ತಿಳಿಯುತ್ತಾರೇನೋ, ಪಕ್ಕದಲ್ಲಿ ಕುಳಿತ ಗೆಳೆಯನಿಗೆ ಬೇಸರವಾಗುತ್ತದೇನೋ" ಎಂಬುದು ಅದರ ಮನಸ್ಸಿನಲ್ಲಿರುತ್ತದೆ. ಇದು ಒಳ್ಳೆಯ ಮನಸ್ಸಿನಿಂದ ಹುಟ್ಟುವ ಭಯ. ಆದರೆ ಅದರ ಫಲವಾಗಿ ಅಕ್ಕಪಕ್ಕ ಕುಳಿತ ಇಬ್ಬರು ಮಕ್ಕಳು ಹತ್ತು ವರ್ಷ ಒಟ್ಟಿಗೆ ಓದಿಯೂ ಒಬ್ಬರ ಮನೆಯ ಹಬ್ಬ ಇನ್ನೊಬ್ಬರಿಗೆ ತಿಳಿಯದೆ ಹೋಗುತ್ತದೆ.

ಎರಡನೆಯದು ಮುಸ್ಲಿಂ ಮಗುವಿನ ಭಯ. ಪಾಠ ಆರಂಭವಾದೊಡನೆ ಎಲ್ಲರ ಕಣ್ಣೂ ತನ್ನ ಮೇಲೆ ಬೀಳುತ್ತದೆಂದು ಅದಕ್ಕೆ ಗೊತ್ತು. ಏನಾದರೂ ಕೇಳಿದರೆ "ನಿನಗೇ ನಿನ್ನ ಧರ್ಮ ಗೊತ್ತಿಲ್ಲವಾ?" ಎನ್ನುತ್ತಾರೆ. ಕೇಳದೆ ಇದ್ದರೆ ಬೇರೆಯವರು ಕೇಳಿದ್ದಕ್ಕೆ ತಾನೇ ಉತ್ತರ ಹೇಳಬೇಕಾಗುತ್ತದೆ. ಈ ಮಗುವಿಗೂ ಪ್ರಶ್ನೆಗಳಿರುತ್ತವೆ ಎಂಬುದನ್ನು ನಾವು ಸಾಮಾನ್ಯವಾಗಿ ಯೋಚಿಸುವುದೇ ಇಲ್ಲ.

ಮೂರನೆಯದು ಶಿಕ್ಷಕರ ಭಯ. "ನನಗೇ ಸರಿಯಾಗಿ ಗೊತ್ತಿಲ್ಲ, ಏನಾದರೂ ಹೇಳಿ ಊರಿನಲ್ಲಿ ಗಲಾಟೆಯಾದರೆ?" ಎಂದು ಪ್ರಶಿಕ್ಷಣಾರ್ಥಿಗಳು ನನ್ನನ್ನು ನೇರವಾಗಿ ಕೇಳಿದ್ದಾರೆ. ಈ ಭಯಕ್ಕೆ ಕಾರಣಗಳಿಲ್ಲದೆ ಇಲ್ಲ. ಆದ್ದರಿಂದ ಮೊದಲು ಕಾನೂನು ಏನು ಹೇಳುತ್ತದೆ ಎಂಬುದನ್ನು ನೋಡೋಣ.

ಧರ್ಮವನ್ನು ಬೋಧಿಸುವುದು ಬೇರೆ, ಧರ್ಮದ ಬಗ್ಗೆ ತಿಳಿಸುವುದು ಬೇರೆ

ಸಂವಿಧಾನದ 28ನೆಯ ವಿಧಿಯ ಪ್ರಕಾರ ಸಂಪೂರ್ಣವಾಗಿ ಸರ್ಕಾರದ ಹಣದಿಂದ ನಡೆಯುವ ಶಿಕ್ಷಣ ಸಂಸ್ಥೆಯಲ್ಲಿ ಧಾರ್ಮಿಕ ಬೋಧನೆ ಕೂಡದು. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಸಂಸ್ಥೆಯಲ್ಲಿಯೂ ಮಗುವನ್ನು ಪೋಷಕರ ಒಪ್ಪಿಗೆಯಿಲ್ಲದೆ ಧಾರ್ಮಿಕ ಬೋಧನೆಯಲ್ಲಿ ಭಾಗವಹಿಸುವಂತೆ ಮಾಡಬಾರದು. ಇದನ್ನು ಓದಿ ಕೆಲವರು "ಹಾಗಾದರೆ ಧರ್ಮದ ಮಾತೇ ಬೇಡ" ಎಂದುಕೊಳ್ಳುತ್ತಾರೆ. ಆದರೆ 1964–66ರ ಕೊಠಾರಿ ಆಯೋಗವೇ ಒಂದು ಧರ್ಮವನ್ನು ನಂಬುವಂತೆ ಬೋಧಿಸುವುದಕ್ಕೂ ಧರ್ಮಗಳ ಬಗ್ಗೆ ತಿಳಿವಳಿಕೆ ನೀಡುವುದಕ್ಕೂ ವ್ಯತ್ಯಾಸವಿದೆ ಎಂದು ಗುರುತಿಸಿತು. 2002ರಲ್ಲಿ ಅರುಣಾ ರಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೂಡ ಧರ್ಮಗಳ ಬಗೆಗಿನ ಅಧ್ಯಯನವು ಸಂವಿಧಾನಕ್ಕೆ ವಿರುದ್ಧವಲ್ಲ ಎಂದು ಹೇಳಿತು. 51ಎ ವಿಧಿಯಲ್ಲಿ ಪಟ್ಟಿ ಮಾಡಿರುವ ಮೂಲಭೂತ ಕರ್ತವ್ಯಗಳಲ್ಲಿ ಧಾರ್ಮಿಕ ಭೇದಗಳನ್ನು ಮೀರಿದ ಸಾಮರಸ್ಯವೂ ಇದೆ, ಪ್ರಶ್ನಿಸಿ ತಿಳಿಯುವ ಮನೋಭಾವವೂ ಇದೆ. ಪಠ್ಯಪುಸ್ತಕದಲ್ಲಿರುವ ಪಾಠದ ಬಗ್ಗೆ ಮಗು ಪ್ರಶ್ನೆ ಕೇಳಿದರೆ ಉತ್ತರಿಸುವುದು ಶಿಕ್ಷಕರ ಕೆಲಸವೇ.

ಈ ವ್ಯತ್ಯಾಸವನ್ನು ತರಗತಿಯಲ್ಲಿ ಕಾಪಾಡುವ ಬಗೆ ಸರಳ. "ದೇವರು ಒಬ್ಬನೇ" ಎಂದು ಶಿಕ್ಷಕರು ಹೇಳಿದರೆ ಅದು ಬೋಧನೆ. "ದೇವರು ಒಬ್ಬನೇ ಎಂದು ಮುಸ್ಲಿಮರು ನಂಬುತ್ತಾರೆ" ಎಂದರೆ ಅದು ತಿಳಿವಳಿಕೆ. "ಹೀಗೆ ನಂಬುವುದು ಸರಿಯಲ್ಲ" ಎಂದರೆ ಅದು ತೀರ್ಪು. ನಮಗೆ ಬೇಕಾದದ್ದು ನಡುವಿನದು ಮಾತ್ರ.

ಪ್ರಶ್ನೆಪೆಟ್ಟಿಗೆ

ಸೀಮೆಸುಣ್ಣದ ಒಂದು ಖಾಲಿ ಪೆಟ್ಟಿಗೆ ಸಾಕು. ಮುಚ್ಚಳದಲ್ಲಿ ಸೀಳು ಮಾಡಿ. ಘಟಕ ಯೋಜನೆಯಲ್ಲಿ ಇಸ್ಲಾಂ ಪಾಠಕ್ಕೆ ಮೂರು ಅವಧಿಗಳಿದ್ದರೆ ಮೊದಲ ಅವಧಿಯ ಕೊನೆಯ ಐದು ನಿಮಿಷ ಚೀಟಿ ಬರೆಸಲು, ಮೂರನೆಯ ಅವಧಿಯ ಇಪ್ಪತ್ತು ನಿಮಿಷ ಉತ್ತರಿಸಲು ಮೀಸಲಿಡಿ. ನಡುವಿನ ಒಂದೆರಡು ದಿನ ನೀವು ಉತ್ತರ ಹುಡುಕಲು.

ಕೆಲವು ನಿಯಮಗಳನ್ನು ಬಿಡದೆ ಪಾಲಿಸಬೇಕು.

1. ಎಲ್ಲರಿಗೂ ಒಂದೇ ಅಳತೆಯ ಚೀಟಿಯನ್ನು ನೀವೇ ಕೊಡಿ. ಎಲ್ಲರೂ ಪೆನ್ಸಿಲ್‌ನಲ್ಲಿ ಬರೆಯಲಿ. ಹೆಸರು ಬೇಡ.

2. ಪ್ರಶ್ನೆ ಇಲ್ಲದವರೂ ಬರೆಯಬೇಕು. ಪಾಠದಲ್ಲಿ ಹೊಸದಾಗಿ ತಿಳಿದ ಒಂದು ಸಂಗತಿಯನ್ನು ಬರೆದರಾಯಿತು. ಹೀಗೆ ಮಾಡಿದರೆ ಯಾರು ಪ್ರಶ್ನೆ ಕೇಳಿದರು, ಯಾರು ಕೇಳಲಿಲ್ಲ ಎಂಬುದು ಪಕ್ಕದವರಿಗೆ ತಿಳಿಯುವುದಿಲ್ಲ. ಇಡೀ ಕ್ರಮದ ಜೀವ ಈ ನಿಯಮದಲ್ಲಿದೆ.

3. ಚೀಟಿಗಳನ್ನು ನೀವೊಬ್ಬರೇ ಓದಬೇಕು. ತರಗತಿಯ ನಾಯಕನ ಕೈಗೆ ಕೊಡಬಾರದು, ಶಾಲೆಯ ಮೇಜಿನ ಮೇಲೆ ಬಿಟ್ಟು ಹೋಗಬಾರದು. ಅಕ್ಷರದಿಂದ ಮಗುವಿನ ಗುರುತು ಸಿಕ್ಕರೂ ಸಿಕ್ಕಿಲ್ಲವೆಂಬಂತೆ ಇರಬೇಕು.

4. ಚೀಟಿಯಲ್ಲಿರುವುದನ್ನು ಅದೇ ಮಾತಿನಲ್ಲಿ ಓದಬಾರದು. ನಿಮ್ಮ ಮಾತಿನಲ್ಲಿ ಪ್ರಶ್ನೆಯನ್ನು ಬರೆದುಕೊಂಡು ಓದಿ.

5. ಒಂದು ಮಿತಿಯನ್ನು ಮಕ್ಕಳಿಗೆ ಮೊದಲೇ ಹೇಳಿ: ಯಾರಿಗಾದರೂ ಹಿಂಸೆಯಾಗುತ್ತಿದೆ ಎಂದು ಚೀಟಿಯಲ್ಲಿದ್ದರೆ ಅದನ್ನು ತರಗತಿ ಶಿಕ್ಷಕರಿಗೆ ತಿಳಿಸಬೇಕಾಗುತ್ತದೆ. ಉಳಿದದ್ದೆಲ್ಲ ಗುಟ್ಟು.

6. ಅಭ್ಯಾಸ ಶಾಲೆಯ ಮುಖ್ಯ ಶಿಕ್ಷಕರಿಗೂ ವಿಷಯ ಶಿಕ್ಷಕರಿಗೂ ಈ ಕ್ರಮವನ್ನು ಮುಂಚಿತವಾಗಿ ತಿಳಿಸಿ ಒಪ್ಪಿಗೆ ಪಡೆಯಿರಿ. ನಾವು ಆ ಶಾಲೆಯಲ್ಲಿ ಅತಿಥಿಗಳು. ನಾವು ಹೊರಟ ಮೇಲೂ ಅವರು ಅಲ್ಲಿಯೇ ಇರಬೇಕು.

ಚೀಟಿಗಳನ್ನು ಮನೆಗೆ ತಂದು ನಾಲ್ಕು ಗುಂಪು ಮಾಡಿ. ಸಂಗತಿ ಕೇಳುವ ಪ್ರಶ್ನೆಗಳು, ಆಚರಣೆಯ ಭಿನ್ನತೆ ಕುರಿತವು, ನಂಬಿಕೆಯ ಕಾರಣ ಕೇಳುವವು, ಕೇಳಿದ ಮಾತಿನಿಂದ ಹುಟ್ಟಿದವು. ಪ್ರತಿ ಗುಂಪಿಗೂ ಉತ್ತರಿಸುವ ರೀತಿ ಬೇರೆ.

ಸಂಗತಿ ಕೇಳುವ ಪ್ರಶ್ನೆಗಳು

ಹೆಚ್ಚಿನ ಚೀಟಿಗಳು ಈ ಗುಂಪಿಗೆ ಸೇರುತ್ತವೆ ಎಂಬುದು ಪ್ರಶಿಕ್ಷಣಾರ್ಥಿಗಳಿಗೆ ಆಶ್ಚರ್ಯ ತರುತ್ತದೆ. ಅವರು ಹೆದರಿದ್ದು ಬೇರೆ ಪ್ರಶ್ನೆಗಳಿಗೆ. ಬಂದವು ಹೀಗಿರುತ್ತವೆ.

"ರಂಜಾನ್ ಹಬ್ಬ ಒಮ್ಮೆ ಬೇಸಿಗೆಯಲ್ಲಿ, ಒಮ್ಮೆ ಮಳೆಗಾಲದಲ್ಲಿ ಬರುವುದೇಕೆ?" ಇದಕ್ಕೆ ಕಪ್ಪುಹಲಗೆಯ ಮೇಲೆ ಲೆಕ್ಕ ಮಾಡಿಸಿ. ಚಂದ್ರನ ಒಂದು ತಿಂಗಳು ಸುಮಾರು 29.5 ದಿನ. ಹನ್ನೆರಡು ತಿಂಗಳಿಗೆ 354 ದಿನ. ಸೂರ್ಯನ ವರ್ಷ 365 ದಿನ. ವ್ಯತ್ಯಾಸ ಸುಮಾರು 11 ದಿನ. ಆದ್ದರಿಂದ ಹಿಜರಿ ಪಂಚಾಂಗದ ಒಂಬತ್ತನೆಯ ತಿಂಗಳಾದ ರಂಜಾನ್ ಪ್ರತಿ ವರ್ಷ ಸುಮಾರು 11 ದಿನ ಮುಂಚೆ ಬರುತ್ತದೆ, ಹೆಚ್ಚುಕಡಿಮೆ 33 ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. ಆಗ ಒಬ್ಬ ಜಾಣ ಹುಡುಗಿ ಕೇಳಬಹುದು: "ಯುಗಾದಿಯನ್ನೂ ಚಂದ್ರನ ಲೆಕ್ಕದಲ್ಲೇ ಮಾಡುತ್ತೇವಲ್ಲ, ಅದೇಕೆ ಸುತ್ತುವುದಿಲ್ಲ?" ನಮ್ಮ ಚಾಂದ್ರಮಾನ ಪಂಚಾಂಗದಲ್ಲಿ ಸುಮಾರು ಮೂರು ವರ್ಷಕ್ಕೊಮ್ಮೆ ಅಧಿಕ ಮಾಸ ಸೇರಿಸಿ ಆ ವ್ಯತ್ಯಾಸವನ್ನು ಸರಿದೂಗಿಸುತ್ತಾರೆ. ಹಿಜರಿಯಲ್ಲಿ ಅಧಿಕ ಮಾಸವಿಲ್ಲ. ಒಂದು ಪ್ರಶ್ನೆಯಿಂದ ಎರಡು ಪಂಚಾಂಗಗಳೂ ತಿಳಿದವು.

"ಮುಸ್ಲಿಮರು ಪಶ್ಚಿಮಕ್ಕೆ ಮುಖ ಮಾಡಿ ನಮಾಜ್ ಮಾಡುವುದೇಕೆ? ಸೂರ್ಯ ಮುಳುಗುವ ದಿಕ್ಕಾದ್ದರಿಂದಲೇ?" ಭೂಪಟ ತೆರೆಯಿರಿ. ಅವರು ಮುಖ ಮಾಡುವುದು ಮೆಕ್ಕಾದಲ್ಲಿರುವ ಕಾಬಾದ ಕಡೆಗೆ. ಕರ್ನಾಟಕದಿಂದ ಮೆಕ್ಕಾ ಪಶ್ಚಿಮದ ಕಡೆಗಿದೆ. ಟರ್ಕಿಯವರು ದಕ್ಷಿಣದ ಕಡೆಗೆ, ಕೀನ್ಯಾದವರು ಉತ್ತರದ ಕಡೆಗೆ ಮುಖ ಮಾಡುತ್ತಾರೆ. ಮಕ್ಕಳೇ ಬೆರಳಿಟ್ಟು ದಿಕ್ಕು ಹುಡುಕಲಿ.

"ಆಜಾನ್‌ನಲ್ಲಿ ಅಕ್ಬರ್ ಬಾದಷಾನ ಹೆಸರು ಏಕೆ ಹೇಳುತ್ತಾರೆ?" ಈ ಪ್ರಶ್ನೆ ಬಂದಾಗ ನಗುವವರಿದ್ದಾರೆ. ನಗಬೇಡಿ. ಇತಿಹಾಸ ಪುಸ್ತಕದಲ್ಲಿ ಆ ಹೆಸರನ್ನು ಓದಿದ ಮಗು ತನಗೆ ತಿಳಿದದ್ದನ್ನು ತಾನು ಕೇಳಿದ್ದಕ್ಕೆ ಜೋಡಿಸಿದೆ. ಕಲಿಕೆ ನಡೆಯುವುದೇ ಹಾಗೆ. ಅಕ್ಬರ್ ಎಂದರೆ ಅರಬ್ಬಿಯಲ್ಲಿ ಅತ್ಯಂತ ದೊಡ್ಡವನು ಎಂದರ್ಥ, ಆಜಾನ್‌ನಲ್ಲಿ ಅದು ದೇವರ ಕುರಿತು ಹೇಳುವ ಮಾತು. ಆಜಾನ್ ಏಳನೆಯ ಶತಮಾನದಿಂದ ಇದೆ, ಅಕ್ಬರ್ ಹುಟ್ಟಿದ್ದು 1542ರಲ್ಲಿ. ಕಾಲರೇಖೆಯ ಮೇಲೆ ಎರಡನ್ನೂ ಗುರುತಿಸಲು ಹೇಳಿದರೆ ಒಂಬತ್ತು ಶತಮಾನಗಳ ಅಂತರ ಕಣ್ಣಿಗೆ ಕಾಣುತ್ತದೆ.

"ಅಲ್ಲಾ ಬೇರೆ ದೇವರೇ?" ಅಲ್ಲಾ ಎಂಬುದು ದೇವರು ಎಂಬುದಕ್ಕೆ ಇರುವ ಅರಬ್ಬಿ ಪದ. ಅರಬ್ಬಿ ಮಾತನಾಡುವ ಕ್ರೈಸ್ತರೂ ದೇವರನ್ನು ಅಲ್ಲಾ ಎಂದೇ ಕರೆಯುತ್ತಾರೆ. ಇಷ್ಟು ಹೇಳಿದರೆ ಸಾಕು.

"ಝಕಾತ್ ಎಂದರೆ ಭಿಕ್ಷೆಯೇ?" ಅಲ್ಲ. ಒಂದು ಮಿತಿಗಿಂತ ಹೆಚ್ಚಿನ ಉಳಿತಾಯ ಒಂದು ವರ್ಷ ಕೈಯಲ್ಲಿದ್ದರೆ ಅದರ ಶೇ. 2.5ರಷ್ಟನ್ನು, ಅಂದರೆ ನಲವತ್ತರಲ್ಲಿ ಒಂದು ಭಾಗವನ್ನು ಬಡವರಿಗೆ ಕೊಡುವುದು ಕಡ್ಡಾಯ ಕರ್ತವ್ಯ. ನಲವತ್ತು ಸಾವಿರಕ್ಕೆ ಎಷ್ಟಾಯಿತು ಎಂದು ಮಕ್ಕಳನ್ನೇ ಕೇಳಿ.

ಆಚರಣೆಯ ಭಿನ್ನತೆ ಕುರಿತ ಪ್ರಶ್ನೆಗಳು

"ಮುಸ್ಲಿಮರೆಲ್ಲ ಉರ್ದು ಮಾತಾಡುತ್ತಾರಾ?", "ಹೆಂಗಸರು ಮಸೀದಿಗೆ ಹೋಗುವುದಿಲ್ಲವಾ?", "ಎಲ್ಲರೂ ದರ್ಗಾಕ್ಕೆ ಹೋಗುತ್ತಾರಾ?" ಇಂಥವು. ಈ ಪ್ರಶ್ನೆಗಳಿಗೆ ಹೌದು, ಇಲ್ಲ ಎಂದು ಒಂದೇ ಮಾತಿನ ಉತ್ತರ ಕೊಡುವುದು ಸುಳ್ಳಾಗುತ್ತದೆ. "ಹಲವರು", "ಕೆಲವರು", "ಕೆಲವು ಊರುಗಳಲ್ಲಿ" ಎಂಬ ಪದಗಳನ್ನು ಬಳಸಲು ಕಲಿಯಿರಿ.

ನಮ್ಮ ರಾಜ್ಯವೇ ಇದಕ್ಕೆ ಒಳ್ಳೆಯ ಉದಾಹರಣೆ. 2011ರ ಜನಗಣತಿಯಂತೆ ಕರ್ನಾಟಕದ ಜನರಲ್ಲಿ ಶೇ. 12.9ರಷ್ಟು ಮುಸ್ಲಿಮರು. ಇವರಲ್ಲಿ ದಖನಿ ಉರ್ದು ಮಾತನಾಡುವವರು ಬಹಳ. ಕರಾವಳಿಯ ಬ್ಯಾರಿಗಳ ಮನೆಮಾತು ಬ್ಯಾರಿ, ಭಟ್ಕಳದ ನವಾಯತರದು ನವಾಯತಿ. ಹತ್ತಿ ಹಿಂಜುವ ಕಸುಬಿನ ಪಿಂಜಾರ, ನದಾಫ್ ಕುಟುಂಬಗಳಲ್ಲಿ ಕನ್ನಡವನ್ನೇ ಆಡುವವರು ಅನೇಕರಿದ್ದಾರೆ. ದರ್ಗಾದ ವಿಷಯವೂ ಹಾಗೆಯೇ. ಕಲಬುರಗಿಯ ಖ್ವಾಜಾ ಬಂದೇ ನವಾಜ್ ದರ್ಗಾದ ಉರುಸಿಗೆ ಮುಸ್ಲಿಮರೂ ಹಿಂದೂಗಳೂ ಬರುತ್ತಾರೆ. ದರ್ಗಾಗಳಿಗೆ ನಡೆದುಕೊಳ್ಳುವುದು ಸರಿಯಲ್ಲ ಎನ್ನುವ ಮುಸ್ಲಿಮರೂ ಇದ್ದಾರೆ. ಮಸೀದಿಯ ಬಗ್ಗೆ ಹೇಳುವುದಾದರೆ ನಮ್ಮ ಕಡೆ ಬಹಳ ಹೆಂಗಸರು ಮನೆಯಲ್ಲಿ ನಮಾಜ್ ಮಾಡುತ್ತಾರೆ, ಕೆಲವು ಮಸೀದಿಗಳಲ್ಲಿ ಅವರಿಗೆ ಪ್ರತ್ಯೇಕ ಸ್ಥಳವಿದೆ. ಮೆಕ್ಕಾದಲ್ಲಿ ಕಾಬಾದ ಸುತ್ತ ಗಂಡಸರೂ ಹೆಂಗಸರೂ ಪ್ರದಕ್ಷಿಣೆ ಮಾಡುತ್ತಾರೆ.

ಉತ್ತರ ಕರ್ನಾಟಕದ ಶಾಲೆಯಾದರೆ ಮೊಹರಂ ಕುರಿತ ಪ್ರಶ್ನೆ ಬಂದೇ ಬರುತ್ತದೆ. ಕ್ರಿ.ಶ. 680ರಲ್ಲಿ ಇರಾಕಿನ ಕರ್ಬಲಾದಲ್ಲಿ ಪ್ರವಾದಿಯವರ ಮೊಮ್ಮಗ ಹುಸೇನ್ ಹತರಾದ ನೆನಪು ಅದು. ಎಷ್ಟೋ ಹಳ್ಳಿಗಳಲ್ಲಿ ಹಿಂದೂ ಮನೆತನದವರೂ ಪಂಜಾ ಹೊರುತ್ತಾರೆ, ಹೆಜ್ಜೆ ಹಾಕುತ್ತಾರೆ, ರಿವಾಯತ್ ಪದ ಹಾಡುತ್ತಾರೆ. ರಾಯಚೂರು ಜಿಲ್ಲೆಯ ಮುದಗಲ್ಲಿನ ಮೊಹರಂ ದೂರದೂರಿನವರನ್ನು ಸೆಳೆಯುತ್ತದೆ. "ನಮ್ಮೂರಲ್ಲಿ ಅಲಾಯಿ ದೇವರನ್ನು ನಮ್ಮ ಅಜ್ಜನೇ ಹೊರುತ್ತಾನೆ, ಹಾಗಾದರೆ ನಾವು ಯಾರು?" ಎಂಬ ಚೀಟಿ ಒಮ್ಮೆ ಬಂದಿತ್ತು. ಇದಕ್ಕೆ ಒಂದೇ ಪದದ ಉತ್ತರ ಹುಡುಕಬೇಕಾಗಿಲ್ಲ. "ನಮ್ಮ ಊರಿನ ಹಬ್ಬ ಹೀಗಿದೆ" ಎಂದು ಆ ಸಂಗತಿಯನ್ನು ಗೌರವದಿಂದ ತರಗತಿಯ ಮುಂದಿಟ್ಟರೆ ಸಾಕು. ಶಿಶುನಾಳ ಷರೀಫರು ಮತ್ತು ಅವರ ಗುರು ಗೋವಿಂದ ಭಟ್ಟರ ವಿಷಯ ಅಲ್ಲಿ ತಾನಾಗಿ ಬರುತ್ತದೆ.

ನಂಬಿಕೆಯ ಕಾರಣ ಕೇಳುವ ಪ್ರಶ್ನೆಗಳು

"ಮಸೀದಿಯಲ್ಲಿ ಮೂರ್ತಿ ಏಕಿಲ್ಲ?", "ಉಪವಾಸದಲ್ಲಿ ನೀರನ್ನೂ ಏಕೆ ಕುಡಿಯುವುದಿಲ್ಲ?", "ಹಂದಿ ಮಾಂಸ ಏಕೆ ಬೇಡ?" ಇಲ್ಲಿ ಶಿಕ್ಷಕರಿಗೆ ಒಂದು ಆಸೆ ಹುಟ್ಟುತ್ತದೆ. ಎಲ್ಲಕ್ಕೂ ಆರೋಗ್ಯದ ಕಾರಣವನ್ನೋ ವಿಜ್ಞಾನದ ಕಾರಣವನ್ನೋ ಹೇಳಿಬಿಡುವುದು. ಅದನ್ನು ತಡೆಯಿರಿ. ನಂಬುವವರು ಏನು ಹೇಳುತ್ತಾರೋ ಅದನ್ನೇ ಹೇಳಿ. ದೇವರಿಗೆ ರೂಪವಿಲ್ಲ, ಅವನಿಗೆ ಸಮಾನರಿಲ್ಲ ಎಂಬುದು ಇಸ್ಲಾಂನ ಮೂಲ ನಂಬಿಕೆ, ಆದ್ದರಿಂದ ಮೂರ್ತಿ ಇಲ್ಲ. ಹಂದಿ ಮಾಂಸವನ್ನು ಕುರ್‌ಆನ್ ನಿಷೇಧಿಸಿದೆ, ಆದ್ದರಿಂದ ತಿನ್ನುವುದಿಲ್ಲ. ನಸುಕಿನಿಂದ ಸೂರ್ಯಾಸ್ತದವರೆಗೆ ಅನ್ನ ನೀರು ಬಿಡುವುದು ದೇವರ ಆಜ್ಞೆ ಎಂದೂ ಸಂಯಮದ ಅಭ್ಯಾಸ ಎಂದೂ ಅವರು ತಿಳಿಯುತ್ತಾರೆ. ಕಾಯಿಲೆಯವರಿಗೆ, ಪ್ರಯಾಣದಲ್ಲಿರುವವರಿಗೆ, ಚಿಕ್ಕ ಮಕ್ಕಳಿಗೆ ಇದರಿಂದ ವಿನಾಯಿತಿ ಇದೆ.

ಪಾಠೋಪಕರಣ ತಯಾರಿಸುವಾಗಲೂ ಈ ಗುಂಪಿನ ಒಂದು ಪ್ರಶ್ನೆ ನಿಮಗೇ ಎದುರಾಗುತ್ತದೆ. ಬುದ್ಧ, ಮಹಾವೀರ, ಯೇಸುವಿನ ಚಿತ್ರ ಅಂಟಿಸಿದ ಚಾರ್ಟಿನಲ್ಲಿ ಪ್ರವಾದಿ ಮುಹಮ್ಮದರ ಚಿತ್ರಕ್ಕೆ ಏನು ಮಾಡುವುದು? ಪ್ರವಾದಿಯವರ ಚಿತ್ರ ಬರೆಯುವುದನ್ನು ಹೆಚ್ಚಿನ ಮುಸ್ಲಿಮರು ಒಪ್ಪುವುದಿಲ್ಲ. ಆದ್ದರಿಂದ ಮೆಕ್ಕಾದಿಂದ ಮದೀನಾದವರೆಗಿನ ನಕ್ಷೆ, ವ್ಯಾಪಾರದ ದಾರಿಗಳು, 570ರ ಸುಮಾರಿನ ಜನನದಿಂದ 632ರ ಮರಣದವರೆಗಿನ ಕಾಲರೇಖೆ ಬಳಸಿ. "ಇಲ್ಲಿ ಏಕೆ ಚಿತ್ರವಿಲ್ಲ?" ಎಂದು ಮಕ್ಕಳು ಕೇಳಿದರೆ ಕಾರಣ ತಿಳಿಸಿ. ಚಿತ್ರವಿಲ್ಲದಿರುವುದೇ ಪಾಠದ ಒಂದು ಭಾಗವಾಗುತ್ತದೆ.

ಬುರ್ಖಾ, ಹಿಜಾಬ್ ಕುರಿತ ಚೀಟಿಗಳು ಈಗ ತಪ್ಪದೆ ಬರುತ್ತವೆ. ಗಂಡಿಗೂ ಹೆಣ್ಣಿಗೂ ಉಡುಪಿನಲ್ಲಿ, ನಡತೆಯಲ್ಲಿ ಮರ್ಯಾದೆ ಇರಬೇಕೆಂದು ಕುರ್‌ಆನ್ ಹೇಳುತ್ತದೆ. ಅದನ್ನು ಹೇಗೆ ಪಾಲಿಸಬೇಕೆಂಬುದರಲ್ಲಿ ಮುಸ್ಲಿಮರಲ್ಲೇ ಬೇರೆ ಬೇರೆ ಅಭಿಪ್ರಾಯಗಳಿವೆ. ತಲೆವಸ್ತ್ರ ಧರಿಸುವವರಿದ್ದಾರೆ, ಧರಿಸದವರಿದ್ದಾರೆ. ಶಾಲೆ ಕಾಲೇಜಿನ ಸಮವಸ್ತ್ರದ ವಿವಾದ ಕೇಳಿದರೆ, 2022ರ ಮಾರ್ಚ್‌ನಲ್ಲಿ ನಮ್ಮ ಹೈಕೋರ್ಟ್ ತೀರ್ಪು ನೀಡಿತು, ಅದೇ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಪರಸ್ಪರ ಭಿನ್ನವಾದ ತೀರ್ಪು ನೀಡಿದರು ಎಂಬಷ್ಟನ್ನು ಹೇಳಿ. ನ್ಯಾಯಮೂರ್ತಿಗಳಿಗೇ ಒಮ್ಮತವಾಗದ ವಿಷಯದಲ್ಲಿ ಪ್ರಶಿಕ್ಷಣಾರ್ಥಿ ನಲವತ್ತು ನಿಮಿಷದ ಅವಧಿಯಲ್ಲಿ ತೀರ್ಪು ಕೊಡಬೇಕಾಗಿಲ್ಲ. ತಲೆವಸ್ತ್ರ ಹಾಕುವ ಹುಡುಗಿಯೂ ಹಾಕದ ಹುಡುಗಿಯೂ ಅದೇ ತರಗತಿಯಲ್ಲಿ ಕುಳಿತಿದ್ದಾರೆ ಎಂಬುದನ್ನು ಮಾತ್ರ ಮರೆಯಬೇಡಿ.

ಕೇಳಿದ ಮಾತಿನಿಂದ ಹುಟ್ಟಿದ ಪ್ರಶ್ನೆಗಳು

"ಅವರು ನಮ್ಮನ್ನು ದ್ವೇಷಿಸುತ್ತಾರಂತೆ, ನಿಜವಾ?" ಎಂಬ ಚೀಟಿ ಬಂದಾಗ ಪ್ರಶಿಕ್ಷಣಾರ್ಥಿಗಳ ಮುಖ ಬಾಡುತ್ತದೆ. ಇದನ್ನು ಹರಿದು ಹಾಕಬೇಕೇ, ಬರೆದವರನ್ನು ಪತ್ತೆಹಚ್ಚಿ ಬೈಯಬೇಕೇ ಎಂದು ಯೋಚಿಸುತ್ತಾರೆ. ಎರಡೂ ಬೇಡ. ಆ ಮಗು "ಅಂತೆ" ಎಂದು ಬರೆದಿದೆ. "ನಿಜವಾ?" ಎಂದು ಕೇಳಿದೆ. ಅಂದರೆ ಕೇಳಿದ್ದನ್ನು ಪೂರ್ತಿ ನಂಬಿಲ್ಲ. ಬೈದರೆ ಮಗು ಮುಂದೆ ಕೇಳುವುದನ್ನು ಬಿಡುತ್ತದೆ, ನಂಬುವುದನ್ನು ಬಿಡುವುದಿಲ್ಲ.

ಇಂಥ ಪ್ರಶ್ನೆಯನ್ನು ಇದ್ದಂತೆ ಓದಿದರೆ ತರಗತಿಯ ಮುಸ್ಲಿಂ ಮಕ್ಕಳಿಗೆ ಅದು ಪೆಟ್ಟು. ಅದನ್ನು ಹೀಗೆ ಬದಲಿಸಿ: "ಒಂದು ಸಮುದಾಯದವರೆಲ್ಲ ಒಂದೇ ರೀತಿ ಯೋಚಿಸುತ್ತಾರೆಯೇ? ಹಾಗೆಂದು ಯಾರಾದರೂ ಹೇಳಿದರೆ ಪರೀಕ್ಷಿಸುವುದು ಹೇಗೆ?" ಇತಿಹಾಸದ ಆಧಾರಗಳನ್ನು ಪರೀಕ್ಷಿಸಲು ನಾವು ಕಲಿಸುವ ಪ್ರಶ್ನೆಗಳೇ ಇಲ್ಲಿ ಉಪಯೋಗಕ್ಕೆ ಬರುತ್ತವೆ. ಇದನ್ನು ಹೇಳಿದವರು ಯಾರು? ಅವರಿಗೆ ಹೇಗೆ ತಿಳಿಯಿತು? ಕಣ್ಣಾರೆ ಕಂಡದ್ದೇ, ಮೊಬೈಲಿನಲ್ಲಿ ಬಂದದ್ದೇ? ಒಬ್ಬರು ಮಾಡಿದ್ದನ್ನು ಎಲ್ಲರ ಮೇಲೆ ಹೊರಿಸಿದ್ದಾರೆಯೇ? ನಮ್ಮ ಜಾತಿ, ನಮ್ಮ ಊರು, ನಮ್ಮ ಶಾಲೆಯ ಬಗ್ಗೆ ಹೀಗೆ ಹೇಳಿದರೆ ಒಪ್ಪುತ್ತೇವೆಯೇ? ಕೊನೆಯ ಪ್ರಶ್ನೆಗೆ ಮಕ್ಕಳು ಬಹಳ ಜೋರಾಗಿ ಉತ್ತರಿಸುತ್ತಾರೆ.

ಬಾಂಬು, ಭಯೋತ್ಪಾದನೆ ಕುರಿತ ಪ್ರಶ್ನೆಗೂ ಇದೇ ದಾರಿ. ಅಪರಾಧ ಮಾಡಿದವರನ್ನು ಅಪರಾಧಿ ಎಂದೇ ಕರೆಯಿರಿ, ಮುಚ್ಚಿಡಬೇಡಿ. ಆ ಅಪರಾಧಕ್ಕೆ ಬೆಂಚಿನಲ್ಲಿ ಕುಳಿತ ಮಗು ಹೊಣೆಯಲ್ಲ ಎಂಬುದನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಿ.

ಮಗುವನ್ನು ಸಾಕ್ಷಿ ಮಾಡಬೇಡಿ

ಅವಲೋಕನ ಪುಸ್ತಕದಲ್ಲಿ ನಾನು ಅತಿ ಹೆಚ್ಚು ಬಾರಿ ಬರೆದಿರುವ ಸೂಚನೆ ಇದು. ಪಾಠದ ನಡುವೆ ಒಬ್ಬ ಮುಸ್ಲಿಂ ವಿದ್ಯಾರ್ಥಿಯ ಕಡೆ ತಿರುಗಿ "ನೀನು ಹೇಳಪ್ಪ, ನಿಮ್ಮಲ್ಲಿ ಹೇಗೆ?" ಎನ್ನುವುದು ಪ್ರೀತಿಯ ಮಾತೆಂದೇ ಪ್ರಶಿಕ್ಷಣಾರ್ಥಿಗಳು ತಿಳಿದಿರುತ್ತಾರೆ. ಆ ಮಗುವಿಗೆ ಹದಿನಾಲ್ಕು ವರ್ಷ. ಅದು ಮೌಲ್ವಿಯಲ್ಲ. ಮಕರ ಸಂಕ್ರಾಂತಿಗೆ ಎಳ್ಳುಬೆಲ್ಲ ಏಕೆ ಎಂದು ಕೇಳಿದರೆ ನಮ್ಮಲ್ಲಿ ಎಷ್ಟು ಜನ ಸರಿಯಾಗಿ ಹೇಳಬಲ್ಲೆವು? ತಾನಾಗಿ ಕೈ ಎತ್ತಿ ಹೇಳಲು ಬಂದರೆ ಸಂತೋಷದಿಂದ ಕೇಳಿ, "ನಮ್ಮ ಮನೆಯಲ್ಲಿ ಹೀಗೆ ಮಾಡುತ್ತೇವೆ" ಎಂದು ಹೇಳಲು ಕಲಿಸಿ. ಮನೆಯ ಮಾತು ಹೇಳಲು ಯಾವ ಮಗುವಿಗೂ ಅಧಿಕಾರವಿದೆ. ಇಡೀ ಸಮುದಾಯದ ಪರವಾಗಿ ಉತ್ತರ ಹೇಳುವ ಹೊರೆ ಬೇಡ.

ಪೆಟ್ಟಿಗೆಯ ದೊಡ್ಡ ಪ್ರಯೋಜನ ನನಗೆ ಕಂಡದ್ದು ಇಲ್ಲಿಯೇ. ಮುಸ್ಲಿಂ ಮಕ್ಕಳ ಚೀಟಿಗಳೂ ಅದರಲ್ಲಿ ಬರುತ್ತವೆ. "ರೋಜಾ ಇದ್ದಾಗ ಆಟದ ಅವಧಿಯಲ್ಲಿ ಓಡಲೇಬೇಕಾ?" ಎಂದು ಒಂದು ಮಗು ಬರೆದಿತ್ತು. ವರ್ಷವಿಡೀ ಯಾರನ್ನೂ ಕೇಳಲಾಗದ ಪ್ರಶ್ನೆ ಅದು. ಆ ಪ್ರಶಿಕ್ಷಣಾರ್ಥಿ ದೈಹಿಕ ಶಿಕ್ಷಕರ ಹತ್ತಿರ ಮಾತಾಡಿದಳು. ಅಂಕ ಬರೆದುಕೊಳ್ಳುವ, ಗೆರೆ ಹಾಕುವ ಕೆಲಸವನ್ನು ಬೇಕಾದವರು ಆಯ್ದುಕೊಳ್ಳಬಹುದೆಂದು ಅವರು ಇಡೀ ತರಗತಿಗೆ ಹೇಳಿದರು. ಯಾರ ಹೆಸರೂ ಬರಲಿಲ್ಲ. ಇನ್ನೊಂದು ಚೀಟಿ: "ನನಗೆ ಉರ್ದು ಬರುವುದಿಲ್ಲ. ನೀನು ಸಾಬಿಯೇ ಅಲ್ಲ ಎಂದು ನಗುತ್ತಾರೆ. ನಾನು ಏನು ಹೇಳಬೇಕು?" ಮುಂದಿನ ಅವಧಿಯಲ್ಲಿ ಬ್ಯಾರಿ, ನವಾಯತಿ, ಕನ್ನಡ ಮನೆಮಾತಿನ ಮುಸ್ಲಿಮರ ವಿಷಯ ಪಾಠದಲ್ಲಿ ಬಂತು. ಜಗತ್ತಿನಲ್ಲಿ ಅತಿ ಹೆಚ್ಚು ಮುಸ್ಲಿಮರಿರುವ ಇಂಡೋನೇಷ್ಯಾದಲ್ಲಿ ಉರ್ದು ಯಾರ ಮನೆಮಾತೂ ಅಲ್ಲದಂತೆಯೇ ಎಂಬ ಮಾತೂ ಬಂತು. "ನಿತ್ಯೋತ್ಸವ" ಬರೆದ ಕೆ.ಎಸ್. ನಿಸಾರ್ ಅಹಮದ್ ಅವರ ಹೆಸರು ಹೇಳಿದಾಗ ಮಕ್ಕಳೇ ಹಾಡಲು ಶುರುಮಾಡಿದರು. ಆ ಚೀಟಿ ಬರೆದವರು ಯಾರೆಂದು ನಮಗೆ ಇಂದಿಗೂ ತಿಳಿಯದು.

ಉತ್ತರ ಎಲ್ಲಿ ಹುಡುಕಬೇಕು?

ಪಠ್ಯಪುಸ್ತಕ ಸಾಲುವುದಿಲ್ಲ. ಮೊಬೈಲಿನಲ್ಲಿ ಮೊದಲು ಸಿಕ್ಕಿದ್ದನ್ನು ಹಿಡಿಯುವುದು ಅಪಾಯ. ಆಚರಣೆಯ ಪ್ರಶ್ನೆಗಳಿಗೆ ಕನಿಷ್ಠ ಇಬ್ಬರನ್ನು ಕೇಳಿ. ಒಬ್ಬರು ಓದಿದವರಾಗಿರಲಿ, ಇನ್ನೊಬ್ಬರು ದಿನನಿತ್ಯ ಆಚರಿಸುವ ಗೃಹಿಣಿಯೋ ಸಹಪಾಠಿಯೋ ಆಗಿರಲಿ. ಇಬ್ಬರ ಉತ್ತರ ಬೇರೆಯಾದರೆ ಎರಡನ್ನೂ ತರಗತಿಯಲ್ಲಿ ಹೇಳಿ. ಕನ್ನಡ ಸಾಹಿತ್ಯ ನಮಗಿರುವ ದೊಡ್ಡ ಆಸ್ತಿ. ಬೊಳುವಾರು ಮಹಮದ್ ಕುಂಞಿ, ಫಕೀರ್ ಮುಹಮ್ಮದ್ ಕಟ್ಪಾಡಿ ಅವರ ಕಥೆಗಳಲ್ಲಿ ಮುಸ್ಲಿಂ ಮನೆಗಳ ಒಳಗಿನ ಬದುಕಿದೆ. ಸಾರಾ ಅಬೂಬಕ್ಕರ್ "ಚಂದ್ರಗಿರಿಯ ತೀರದಲ್ಲಿ" ಕಾದಂಬರಿಯಲ್ಲಿ, 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ ಬಾನು ಮುಷ್ತಾಕ್ ತಮ್ಮ ಕಥೆಗಳಲ್ಲಿ ತಮ್ಮ ಸಮುದಾಯದ ಹೆಣ್ಣುಮಕ್ಕಳ ಪರವಾಗಿ ಗಟ್ಟಿಯಾದ ಪ್ರಶ್ನೆಗಳನ್ನು ಎತ್ತಿದ್ದಾರೆ. ಪ್ರಶ್ನೆ ಕೇಳುವುದು ಅವಮಾನ ಮಾಡುವುದಲ್ಲ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಡ.

ಉತ್ತರ ಸಿಗದಿದ್ದರೆ "ನನಗೆ ತಿಳಿದಿಲ್ಲ, ತಿಳಿದು ಹೇಳುತ್ತೇನೆ" ಎನ್ನಿ, ದಿನ ಹೇಳಿ, ಆ ದಿನ ಹೇಳಿ. ಅಭ್ಯಾಸ ಬೋಧನೆ ಮುಗಿಯುವುದರೊಳಗೆ ಆಗದಿದ್ದರೆ ಉತ್ತರ ಬರೆದು ವಿಷಯ ಶಿಕ್ಷಕರ ಕೈಯಲ್ಲಿ ಕೊಟ್ಟು ಬನ್ನಿ. "ಯಾವ ಧರ್ಮ ಒಳ್ಳೆಯದು?" ಎಂಬ ಪ್ರಶ್ನೆಗೆ ಮಾತ್ರ ಉತ್ತರ ಹುಡುಕಲು ಹೋಗಬೇಡಿ. ಅದು ಶಾಲೆ ಉತ್ತರಿಸುವ ಪ್ರಶ್ನೆಯಲ್ಲ ಎಂದು ನೇರವಾಗಿ ಹೇಳಿ.

ಇನ್ನೊಂದು ಮಾತು. ಪೆಟ್ಟಿಗೆಯನ್ನು ಇಸ್ಲಾಂ ಪಾಠಕ್ಕೆ ಮಾತ್ರ ಇಟ್ಟರೆ ಆ ಧರ್ಮವೊಂದೇ ಪ್ರಶ್ನೆಗೆ ಗುರಿ ಎಂಬ ಅರ್ಥ ಬರುತ್ತದೆ. ಜೈನ, ಬೌದ್ಧ, ಕ್ರೈಸ್ತ ಧರ್ಮಗಳ ಪಾಠಕ್ಕೂ ಭಕ್ತಿ ಪಂಥದ ಪಾಠಕ್ಕೂ ಅದೇ ಪೆಟ್ಟಿಗೆ, ಅದೇ ನಿಯಮ ಇರಲಿ. ತನ್ನ ಮನೆಯ ಆಚರಣೆಯ ಬಗ್ಗೆಯೂ ಇತರರು ಕೇಳಬಹುದು, ಕೇಳಿದರೆ ಏನೂ ಕಳೆದುಹೋಗುವುದಿಲ್ಲ ಎಂಬುದನ್ನು ಪ್ರತಿ ಮಗುವೂ ಅನುಭವದಿಂದ ಅರಿಯಬೇಕು.

ಮೌಲ್ಯಮಾಪನ

ಈ ಕ್ರಮ ಫಲಿಸಿತೇ ಎಂದು ತಿಳಿಯಲು ಘಟಕ ಪರೀಕ್ಷೆಯ ಅಂಕ ಸಾಲದು. ಮೂರು ಗುರುತುಗಳನ್ನು ನಿಮ್ಮ ದಿನಚರಿಯಲ್ಲಿ ಬರೆದಿಡಿ. ಎರಡನೆಯ ಬಾರಿ ಪೆಟ್ಟಿಗೆ ಇಟ್ಟಾಗ ಪ್ರಶ್ನೆಗಳ ಸಂಖ್ಯೆ ಹೆಚ್ಚಿತೇ? "ಅವರೆಲ್ಲ" ಎಂದು ಶುರುವಾಗುತ್ತಿದ್ದ ವಾಕ್ಯಗಳ ಜಾಗದಲ್ಲಿ "ಕೆಲವರು" ಎಂಬುದು ಬಂತೇ? ಚೀಟಿಯಿಲ್ಲದೆ, ಕೈ ಎತ್ತಿ, ತನ್ನ ಹೆಸರಿನಲ್ಲೇ ಒಂದು ಮಗುವಾದರೂ ಪ್ರಶ್ನೆ ಕೇಳಿತೇ? ಮೂರನೆಯದಕ್ಕೆ ಹೌದು ಎಂಬ ಉತ್ತರ ಬರುವ ತರಗತಿಗೆ ಪೆಟ್ಟಿಗೆಯ ಅವಶ್ಯಕತೆ ಮುಗಿಯುತ್ತಾ ಬಂದಿದೆ ಎಂದು ತಿಳಿಯಿರಿ.

ಈ ವರ್ಷದ ಅಭ್ಯಾಸ ಬೋಧನೆಗೆ ಹೊರಡುವವರು ಪಾಠ ಯೋಜನೆಯ ಜೊತೆಗೆ ಚೀಟಿಗಳನ್ನೂ ಕತ್ತರಿಸಿಕೊಂಡು ಹೋಗಿ. ನೋಟ್‌ಬುಕ್ಕಿನ ಒಂದು ಹಾಳೆಗೆ ಎಂಟು ಚೀಟಿಗಳಾಗುತ್ತವೆ.